ಬೆಂಕಿಪುರದ ಇದ್ದಿಲು, ಜಲಜನಕದ ಗೂಡು

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರು ಹೇಗೆ ಬಂತೆಂಬ ಚರ್ಚೆ ಪಂಡಿತರಿಗಿರಲಿ. 1923ರ ಜನವರಿಯಲ್ಲಿ ಅಲ್ಲಿ ಊದುಕುಲುಮೆ ಹೊತ್ತಿಕೊಂಡಾಗ ಊರು ಹೆಸರಿಗೆ ತಕ್ಕಂತಾಯಿತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಭದ್ರೆಯಲ್ಲಿ ನೀರಿತ್ತು. ಮೈಸೂರು ಸಂಸ್ಥಾನದಲ್ಲಿ ಇಲ್ಲದಿದ್ದುದು ಕಲ್ಲಿದ್ದಲು. ಅದರ ಬದಲು ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ ಅದಿರು ಕರಗಿಸುವ ಯೋಜನೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ (1912–18) ರೂಪುಗೊಂಡಿತ್ತು.

ಕಾರ್ಖಾನೆಯ ಮೊದಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. ಕಬ್ಬಿಣಕ್ಕಿಂತ ಮೊದಲು ಮರದ ಮಾತು! ಹಳ್ಳಿಯ ಇದ್ದಿಲು ಗೂಡಿನ ಹೊಗೆ ಆಕಾಶದ ಪಾಲು. ಭದ್ರಾವತಿಯಲ್ಲಿ ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ, ಆ ಹೊಗೆಯನ್ನೂ ಹಿಡಿದು ತಣಿಸುತ್ತಿದ್ದರು. ಮಿಥೈಲ್ ಆಲ್ಕೋಹಾಲ್, ಅಸಿಟೇಟ್ ಆಫ್ ಲೈಮ್, ಡಾಂಬರು ಎಲ್ಲವೂ ಅದರಿಂದಲೇ. ಏನೂ ಪೋಲಾಗಬಾರದೆಂಬ ಲೆಕ್ಕಾಚಾರ. ಆ ಲೆಕ್ಕಕ್ಕೆ ಸಿಗದೆ ಹೋದದ್ದು ಇದ್ದಿಲಿನೊಳಗಿನ ಖಾಲಿ ಜಾಗ.

ಮರದೊಳಗಿನ ನೀರು, ಅನಿಲಗಳು ಹೊರಟುಹೋದ ಮೇಲೆ ಉಳಿಯುವ ಇಂಗಾಲದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಉಗಿ ಹಾಯಿಸಿಯೋ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಬೆರೆಸಿಯೋ 700–900 ಡಿಗ್ರಿ ಸೆಲ್ಸಿಯಸ್‌ಗೆ ಮತ್ತೆ ಕಾಯಿಸಿದರೆ ಅವು ಇನ್ನೂ ಹೆಚ್ಚುತ್ತವೆ. ಹೀಗೆ ಹದಗೊಳಿಸಿದ ಒಂದೇ ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ಹತ್ತರಿಂದ ಮೂವತ್ತು ಗುಂಟೆಯಾದೀತು. ಅನಿಲದ ಅಣುಗಳು ಅಂಟಿಕೊಳ್ಳುವುದು ಈ ಒಳಮೈಗೇ. 1898ರಲ್ಲಿ ಜಲಜನಕವನ್ನು ದ್ರವರೂಪಕ್ಕೆ ತಂದ ಜೇಮ್ಸ್ ಡ್ಯೂವರ್, ದ್ರವಗಾಳಿಯಲ್ಲಿ ತಣಿಸಿದ ತೆಂಗಿನ ಚಿಪ್ಪಿನ ಇದ್ದಿಲು ಅನಿಲಗಳನ್ನು ಹೇಗೆ ಹೀರುತ್ತದೆಂಬುದನ್ನು ಭದ್ರಾವತಿಯ ಕುಲುಮೆಗಿಂತ ಮೊದಲೇ ತೋರಿಸಿದ್ದ.

ಈಗ ಆ ಗುಣಕ್ಕೆ ಬೆಲೆ ಬಂದಿದೆ. ಜಲಜನಕ ಉರಿದರೆ ಹುಟ್ಟುವುದು ನೀರು. ತೂಕಕ್ಕೆ ತೂಕ ಪೆಟ್ರೋಲಿನ ಸುಮಾರು ಮೂರು ಪಟ್ಟು ಶಕ್ತಿ ಅದರಲ್ಲಿದೆ. ಆದರೆ ಒಂದು ಕಿಲೋ ಜಲಜನಕ ಸಾಮಾನ್ಯ ಒತ್ತಡದಲ್ಲಿ 11,000 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಅದನ್ನು ವಾತಾವರಣದ 700 ಪಟ್ಟು ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕು. ಇಲ್ಲವೇ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಬೇಕು. ಇದ್ದಿಲು ಇವೆರಡರ ನಡುವಿನ ದಾರಿ. ದ್ರವ ಸಾರಜನಕದ ತಂಪಿನಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಒಂದು ಗ್ರಾಮಿನ ಪ್ರತಿ ಐದು ಗುಂಟೆ ಒಳಮೈಗೆ ಇದ್ದಿಲಿನ ತೂಕದ ಶೇ 1ರಷ್ಟು ಜಲಜನಕ ಅಂಟಿಕೊಳ್ಳುತ್ತದೆ. ಒತ್ತಡ ಕೆಲವು ಹತ್ತು ಪಟ್ಟು ಇದ್ದರೆ ಸಾಕು.

ಇದಕ್ಕೆ ಕಾಡು ಕಡಿಯಬೇಕಿಲ್ಲ ಎಂಬುದೇ ದೊಡ್ಡ ವ್ಯತ್ಯಾಸ. ಅಂದು ಮಲೆನಾಡಿನ ಮರಗಳು ಕುಲುಮೆಯ ಪಾಲಾದವು. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನ ಕುಲುಮೆಗಳು ಬಂದ ಮೇಲೆಯೇ ಶಾಖಕ್ಕಾಗಿ ಇದ್ದಿಲು ಸುಡುವುದು ತಗ್ಗಿದ್ದು. ಈಗಿನ ಪ್ರಯೋಗಗಳಿಗೆ ತೆಂಗಿನ ಚಿಪ್ಪು, ಭತ್ತದ ಹೊಟ್ಟು ಸಾಕು. ಶಿವಮೊಗ್ಗದ ಸುತ್ತ ಅಡಿಕೆ ಸುಲಿತದ ಕಾಲದಲ್ಲಿ ರಸ್ತೆ ಬದಿಗೆ ಸುರಿದು ಬೆಂಕಿಯಿಡುವ ಸಿಪ್ಪೆಯೂ ಆದೀತು. ಅದರಿಂದ ಇಂಥ ಇದ್ದಿಲು ಮಾಡಿ ನೀರಿನ ಬಣ್ಣ ತೆಗೆಯುವ ಪ್ರಯೋಗಗಳಂತೂ ನಡೆದಿವೆ. ಜಲಜನಕದ ವಿಷಯದಲ್ಲಿ ತೊಡಕು ಚಳಿಯದು. ನಮ್ಮ ನಿಮ್ಮ ಅಂಗಳದ ಬಿಸಿಲಿನಲ್ಲಿ ಅದೇ ಇದ್ದಿಲು ಶೇ 1ರಷ್ಟು ಜಲಜನಕವನ್ನು ಹಿಡಿದಿಡಲೂ ತಿಣುಕುತ್ತದೆ.