ಕಳ್ಳು ಕಾಯುವುದಿಲ್ಲ

ಸಿಕಂದರಾಬಾದಿಗೆ ಹೊಸದಾಗಿ ಬಂದ ಕನ್ನಡಿಗರನ್ನು ಎರಡು ಪದಗಳು ದಾರಿ ತಪ್ಪಿಸುತ್ತವೆ. ‘ಕಲ್ಲು ಕಾಂಪೌಂಡ್’ ಎಂದರೆ ಕಲ್ಲಿನ ಗೋಡೆಯಲ್ಲ, ನಮ್ಮ ಹಳೆಯ ‘ಕಳ್ಳು’ ಸಿಗುವ ಜಾಗ. ‘ಗೌಡ್’ ಎಂದರೆ ಮಂಡ್ಯದ ಗೌಡರಲ್ಲ, ನಮ್ಮ ಈಡಿಗರ ಹಾಗೆ ತಾಳೆ, ಈಚಲು ಮರ ಹತ್ತಿ ಕಳ್ಳು ಇಳಿಸುವವರು. 1708ರಲ್ಲಿ ಮೊಘಲರ ಕೈಯಲ್ಲಿದ್ದ ವಾರಂಗಲ್ಲನ್ನೇ ಲೂಟಿ ಮಾಡಿದ ಸರ್ವಾಯಿ ಪಾಪನ್ನ ಈ ಕುಲದವನು.

1806ರಲ್ಲಿ ನಿಜಾಮ ಸಿಕಂದರ್ ಜಾನ ಹೆಸರು ಪಡೆದ ಈ ಊರು ಬೆಳೆದದ್ದು ಬ್ರಿಟಿಷರ ದಂಡಿನಿಂದ. ದಂಡಿದ್ದಲ್ಲಿ ಬಿಯರ್ ಬೇಕು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದೂ ಹಾಗೆಯೇ: 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿದ. ಪೀಪಾಯಿಗಟ್ಟಲೆ ಬಿಯರ್ ಗೋರಾ ಸಿಪಾಯಿಗಳಿಗೆ ಹೋಗುತ್ತಿತ್ತು. ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದದ್ದು 1947ರಲ್ಲಿ.

ಪ್ರಾಜೆಕ್ಟ್ ಕೆಲಸಕ್ಕೆ ಜರ್ಮನಿಗೆ ಹೋದಾಗ ನನಗೆ ಸೋಜಿಗವೆನಿಸಿದ್ದು ಊರಿಗೊಂದು ರುಚಿ ಇನ್ನೂ ಉಳಿದಿರುವುದು. ಬಾಂಬೆರ್ಗ್‌ನಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನ ಬಿಯರ್. ಮೊದಲ ಗುಟುಕಿಗೆ ಸೌದೆ ಒಲೆಯ ವಾಸನೆ. ಕಲೋನ್‌ನಲ್ಲಿ ಸಣ್ಣ ಉದ್ದನೆ ಗ್ಲಾಸಿನ ಕೋಲ್ಶ್. 1986ರ ಒಪ್ಪಂದದ ಪ್ರಕಾರ ಆ ಹೆಸರು ಆ ಸೀಮೆಯ ಬ್ರೂವರಿಗಳಿಗೇ ಮೀಸಲು. ಬವೇರಿಯದಲ್ಲಿ 1516ರಲ್ಲೇ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಕಾನೂನಾಯಿತು. ಬೆಲೆಯನ್ನೂ ಅದೇ ಕಾನೂನು ಕಟ್ಟಿತ್ತು. ಆದರೂ ಪೀಪಾಯಿಯೊಳಗೆ ಏನಿದೆ ಎಂದು ಸರ್ಕಾರ ಕೇಳಿತಲ್ಲ! ನಮ್ಮ ಅಬಕಾರಿಗೆ ಎಂದೂ ಮುಖ್ಯವಾದದ್ದು ಬೊಕ್ಕಸಕ್ಕೆ ಎಷ್ಟು ಬಂತೆಂಬುದು.

ಇನ್ನೊಂದು ವ್ಯತ್ಯಾಸ ಮರದ್ದೇ. ‘ಲಾಗರ್’ ಎಂಬ ಹೆಸರಿನಲ್ಲೇ ದಾಸ್ತಾನು ಎಂಬ ಅರ್ಥವಿದೆ. ತಣ್ಣನೆ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಕಾಯುತ್ತದೆ, ಆಮೇಲೆ ದೂರ ಹೋಗುತ್ತದೆ. ಕಳ್ಳಿಗೆ ಆ ತಾಳ್ಮೆಯಿಲ್ಲ. ಮಡಕೆಗೆ ಬಿದ್ದೊಡನೆ ಹುದುಗತೊಡಗಿ, ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ಮರ ಹತ್ತಿರವೇ ಇರಬೇಕು, ಹತ್ತುವವನೂ ಇರಬೇಕು. ನಗರ ಬೆಳೆದು ಮರ ಹೋಯಿತು, ಗಿರಾಕಿ ಉಳಿದ. ಆ ತೆರವಿಗೆ ನೀರು, ಸ್ಯಾಕರಿನ್, ನಿದ್ದೆ ಮಾತ್ರೆಯ ಆಲ್ಪ್ರಜೋಲಾಂ ಬಂದವು.

ಕರ್ನಾಟಕದ ಒಳನಾಡಿನಲ್ಲಿ ಸರ್ಕಾರ ಸೇಂದಿಯನ್ನೇ ನಿಷೇಧಿಸಿತು. ಈಡಿಗರ ಕಸುಬು ಹೋಯಿತು, ಬಾಟಲಿ ಉಳಿಯಿತು. ಹೈದರಾಬಾದಿನಲ್ಲಿ ಮುಚ್ಚಿದ್ದ ಅಂಗಡಿಗಳು 2014ರಲ್ಲಿ ತೆಲಂಗಾಣ ಬಂದ ಮೇಲೆ ಮತ್ತೆ ತೆರೆದವು. ಕಸುಬಿನವರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಮಡಕೆಯೊಳಗೆ ಏನಿದೆ ಎಂದು ದಿನಾ ನೋಡುವವರು ಬೇಕಿತ್ತು. 2025ರ ಜುಲೈನಲ್ಲಿ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಳ್ಳು ಕುಡಿದು ಹಲವರು ಸತ್ತರು. ಕುಡಿದವರಲ್ಲಿ ಹೆಚ್ಚಿನವರು ಬಡವರು.