ಪೋರ್ಟೊ ರಿಕೊ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ

ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊವನ್ನು ಪ್ರತಿನಿಧಿಸುವ ತಂಡ. 1957ರಿಂದ ವಿಶ್ವ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಸದಸ್ಯ. ಪೋರ್ಟೊ ರಿಕೊ ಸ್ವತಂತ್ರ ದೇಶವಲ್ಲ. 1898ರಲ್ಲಿ ಸ್ಪೇನಿನಿಂದ ಅಮೆರಿಕದ ವಶಕ್ಕೆ ಬಂದ ಈ ದ್ವೀಪದವರಿಗೆ 1917ರಲ್ಲಿ ಅಮೆರಿಕದ ಪೌರತ್ವ ದೊರೆಯಿತು. ಆದರೆ 1948ರಿಂದ ಒಲಿಂಪಿಕ್ಸ್‌ಗೆ ಅದು ತನ್ನದೇ ತಂಡವನ್ನು ಕಳಿಸುತ್ತಿದೆ. ಹಾಗಾಗಿ ಅಮೆರಿಕದ ಎದುರು ಬ್ಯಾಸ್ಕೆಟ್‌ಬಾಲ್ ಆಡಲು ಇಳಿದಾಗಲೆಲ್ಲ ಅಲ್ಲಿನ ಜನರಿಗೆ ಅದು ಬರೀ ಆಟವಾಗಿ ಉಳಿಯುವುದಿಲ್ಲ.

ತಂಡ ಒಲಿಂಪಿಕ್ಸ್‌ನಲ್ಲಿ ಮೊದಲು ಆಡಿದ್ದು 1960ರಲ್ಲಿ, ರೋಮ್‌ನಲ್ಲಿ. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಕಂಚಿನ ಪಂದ್ಯವನ್ನು ಬ್ರೆಜಿಲ್‌ಗೆ ಸೋತು ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್‌ನಲ್ಲಿ ತಂಡದ ಅತ್ಯುತ್ತಮ ಸಾಧನೆ ಇಂದಿಗೂ ಅದೇ. ಎತ್ತರದ ಆಟಗಾರ ಟೆಯೊಫಿಲೊ ಕ್ರೂಸ್ 1960ರಿಂದ 1976ರವರೆಗೆ ಸತತ ಐದು ಒಲಿಂಪಿಕ್ಸ್‌ಗಳಲ್ಲಿ ಆಡಿದರು.

ಕೆಲಸ ಹುಡುಕಿಕೊಂಡು ನ್ಯೂಯಾರ್ಕ್‌ಗೆ ವಲಸೆ ಹೋದವರ ಮಕ್ಕಳು 1970ರ ದಶಕದಲ್ಲಿ ತಂಡಕ್ಕೆ ಬರತೊಡಗಿದರು. ಅವರಲ್ಲೊಬ್ಬರು ಸಾನ್ ಹುವಾನ್‌ನಲ್ಲಿ ಹುಟ್ಟಿ ಹಾರ್ಲೆಮ್‌ನಲ್ಲಿ ಬೆಳೆದ ಬುಚ್ ಲೀ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಿರುದ್ಧ ಅವರೊಬ್ಬರೇ 35 ಅಂಕ ಗಳಿಸಿದರು. ಕೊನೆಯ ಕ್ಷಣಗಳಲ್ಲಿ ಬುಟ್ಟಿಯತ್ತ ನುಗ್ಗಿದ ಅವರ ಮೇಲೆಯೇ ಫೌಲ್ ಬಿತ್ತು. ಪೋರ್ಟೊ ರಿಕೊ 94–95ರಿಂದ ಸೋತಿತು. 1990ರಲ್ಲಿ ಅರ್ಜೆಂಟೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಕಂಚಿನ ಪಂದ್ಯವೂ ಇಂಥದೇ ನೋವು ಉಳಿಸಿತು: ಹೆಚ್ಚುವರಿ ಅವಧಿಗೆ ಹೋದ ಪಂದ್ಯದಲ್ಲಿ ಅಮೆರಿಕ 107–105ರಿಂದ ಗೆದ್ದಿತು. ಮರುವರ್ಷ ಹವಾನಾದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಮಾತ್ರ ತಂಡ ಚಿನ್ನ ಗೆದ್ದಿತು. 2011ರಲ್ಲಿ ಮತ್ತೊಮ್ಮೆ ಅದೇ ಚಿನ್ನ ಬಂತು.

ದ್ವೀಪದ ಜನ ಇಂದಿಗೂ ಬಾಯ್ತುಂಬ ಹೇಳಿಕೊಳ್ಳುವ ದಿನ 2004ರ ಆಗಸ್ಟ್ 15. 1992ರಲ್ಲಿ ವೃತ್ತಿಪರ ಎನ್‌ಬಿಎ ಆಟಗಾರರನ್ನು ಇಳಿಸಿದ ಮೇಲೆ ಅಮೆರಿಕ ಒಲಿಂಪಿಕ್ಸ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಅಥೆನ್ಸ್‌ನಲ್ಲಿ ಟಿಮ್ ಡಂಕನ್, ಅಲೆನ್ ಐವರ್‌ಸನ್, ಲೆಬ್ರಾನ್ ಜೇಮ್ಸ್ ಇದ್ದ ತಂಡದ ಎದುರು ಪೋರ್ಟೊ ರಿಕೊ ಅರ್ಧ ಆಟ ಮುಗಿಯುವಷ್ಟರಲ್ಲಿ 49–27ರಿಂದ ಮುಂದಿತ್ತು. ಮುಗಿದಾಗ ಅಂಕ 92–73. ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕ ಅಷ್ಟು ದೊಡ್ಡ ಅಂತರದಿಂದ ಸೋತದ್ದು ಅದೇ ಮೊದಲು. 24 ಅಂಕ ಗಳಿಸಿದ್ದ ಕಾರ್ಲೊಸ್ ಅರೊಯೊ ಅಂಗಳದಿಂದ ಹೊರಬರುವಾಗ ಎದೆಯ ಮೇಲಿನ ‘ಪೋರ್ಟೊ ರಿಕೊ’ ಎಂಬ ಅಕ್ಷರಗಳನ್ನು ಎಲ್ಲರಿಗೂ ಕಾಣುವಂತೆ ಜೆರ್ಸಿ ಹಿಡಿದೆಳೆದು ತೋರಿಸಿದರು. ಆ ಚಿತ್ರವೊಂದು ಸಾಕು, ಈ ತಂಡ ದ್ವೀಪಕ್ಕೆ ಏನೆಂಬುದು ತಿಳಿಯುತ್ತದೆ. ‘ಪಿಕುಲಿನ್’ ಎಂದೇ ಹೆಸರಾದ ಹೊಸೆ ಓರ್ತಿಸ್ ತಮ್ಮ 40ನೆಯ ವಯಸ್ಸಿನಲ್ಲಿ ಅಂದು ತಂಡದಲ್ಲಿದ್ದರು. ಕೂಟದಲ್ಲಿ ತಂಡಕ್ಕೆ ಸಿಕ್ಕಿದ್ದು ಆರನೆಯ ಸ್ಥಾನ.

ಆ ಬಳಿಕ ಒಲಿಂಪಿಕ್ಸ್‌ಗೆ ಮರಳಲು 20 ವರ್ಷ ಹಿಡಿಯಿತು. 2024ರ ಜುಲೈನಲ್ಲಿ ಸಾನ್ ಹುವಾನ್‌ನಲ್ಲೇ ನಡೆದ ಅರ್ಹತಾ ಕೂಟದ ಫೈನಲ್‌ನಲ್ಲಿ ತಂಡ ಲಿಥುವೇನಿಯಾವನ್ನು 79–68ರಿಂದ ಮಣಿಸಿತು. ಅಂದು 23 ಅಂಕ ಗಳಿಸಿದ ಹೊಸೆ ಅಲ್ವರಾಡೊ ಕೂಡ ಬುಚ್ ಲೀ ಅವರಂತೆ ನ್ಯೂಯಾರ್ಕ್‌ನಲ್ಲಿ ಬೆಳೆದವರು. ಪ್ಯಾರಿಸ್‌ನಲ್ಲಿ ತಂಡ ದಕ್ಷಿಣ ಸುಡಾನ್, ಸರ್ಬಿಯಾ ಹಾಗೂ ಅಮೆರಿಕದ ಎದುರು ಮೂರೂ ಪಂದ್ಯಗಳನ್ನು ಸೋತಿತು.