ದುಡ್ಡು ಕೊಡುವ ನೆಂಟರು

"ಅಕ್ಕ, ನಮ್ಮ ತೊಟ್ಟಿಮನೇನ ಗೆಸ್ಟ್‌ಹೌಸ್ ಮಾಡಿಬಿಡೋಣ" ಎಂದು ತಮ್ಮ ಹೇಳಿದಾಗ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕೈ ಹಾಗೇ ನಿಂತಿತು. ಹಿರೇಹಳ್ಳಿಯ ಆ ಮನೆಯಲ್ಲಿ ನಮ್ಮಮ್ಮ ಉಂಡವರಿಂದ ಒಂದು ಕಾಸೂ ಇಸಿದುಕೊಂಡವಳಲ್ಲ. ತುಮಕೂರು–ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಊರು ನಮ್ಮದು. ಬಸ್ಸು ತಪ್ಪಿದವರು, ದೇವರಾಯನದುರ್ಗಕ್ಕೆ ಹೊರಟವರು, ಯಾರೇ ಬರಲಿ, ಮುದ್ದೆ ಉಪ್ಸಾರು ಸಿದ್ಧವಿರುತ್ತಿತ್ತು.

ತಮ್ಮ ಬಿಡಲಿಲ್ಲ. "ಮಹಾರಾಜರ ಬಂಗಲೆಗಳೇ ಹೋಟೆಲಾಗಿವೆ, ನಮ್ಮದೇನು ಹೆಚ್ಚು?" ಎಂದು ನನ್ನನ್ನು ಕಬಿನಿಗೆ ಹೊರಡಿಸಿದ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮೈಸೂರು ಮಹಾರಾಜರು ಬೇಟೆಗೆ ಬಂದಾಗ ಇಳಿಯುತ್ತಿದ್ದ ಬಂಗಲೆಯಿದೆ. ಹತ್ತಿರದ ಕಾಕನಕೋಟೆಯ ಕಾಡು ಖೆಡ್ಡಾಕ್ಕೆ ಹೆಸರುವಾಸಿ. ತಮಟೆ, ಪಂಜು ಹಿಡಿದು ಆನೆಗಳನ್ನು ಬೇಲಿಯೊಳಗೆ ಅಟ್ಟುವ ಈ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ 1873–74ರಲ್ಲಿ ಆರಂಭಿಸಿದವರು ಸ್ಯಾಂಡರ್ಸನ್. ಆಮೇಲೆ ಅದು ದೊಡ್ಡ ಅತಿಥಿಗಳಿಗೆ ತೋರಿಸುವ ವೈಭವವೂ ಆಯಿತು. ಆನೆಯ ಜಾಡು ಗೊತ್ತಿದ್ದವರು ಮಾತ್ರ ಕಾಡಿನ ಕುರುಬರು. ಅವರ ಬದುಕನ್ನೇ ಮಾಸ್ತಿಯವರು 'ಕಾಕನಕೋಟೆ' ನಾಟಕ ಮಾಡಿದರು. ಅದು 1977ರಲ್ಲಿ ಸಿನಿಮಾ ಕೂಡ ಆಯಿತು.

ವರ್ಷಗಳನ್ನು ಜೋಡಿಸಿ ನೋಡಿದರೆ ಬೆರಗಾಗುತ್ತದೆ. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ರಾಜರ ರಾಜಧನ ರದ್ದಾದದ್ದೂ ಅದೇ ವರ್ಷ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾದ ನೆಲ ನೀರಿನಡಿ ಹೋಯಿತು. ವೈಸ್‌ರಾಯರಿಗಾಗಿ ಕಟ್ಟಿಸಿದ ಮೈಸೂರಿನ ಲಲಿತಮಹಲು ಹೋಟೆಲಾದದ್ದೂ 1974ರಲ್ಲೇ. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ ತನ್ನ ಮೊದಲ ವಸತಿಧಾಮವನ್ನು ಕಾರಾಪುರದ ಹಳೆಯ ಬಂಗಲೆಗಳಲ್ಲೇ ತೆರೆಯಿತು. ಬಂದೂಕು ಹೋಗಿ ಕ್ಯಾಮೆರಾ ಬಂತು.

ನಮ್ಮ ಮನೆಗೂ 1974 ದೊಡ್ಡ ವರ್ಷವೇ. ಉಳುವವನೇ ಒಡೆಯನೆಂಬ ಕಾನೂನು ಬಂದು ಗೇಣಿಯ ಹೊಲಗಳು ಗೇಣಿದಾರರಿಗೆ ಹೋದವು. ಅಪ್ಪ ಒಂದು ವಾರ ಮೌನವಾಗಿದ್ದರು. ಅಮ್ಮ ಮಾತ್ರ, "ಗೇಯ್ದೋರಿಗೆ ಸಿಕ್ತು ಬಿಡಿ" ಎಂದಳು. ಉಳಿದದ್ದು ಮನೆ, ತೆಂಗಿನ ತೋಟ.

ಬಂಗಲೆಯ ವರಾಂಡ ಚೆಂದವಿತ್ತು. ಹಿನ್ನೀರು, ಅದರಾಚೆ ಆನೆ. ಆದರೆ ಮರಳುವಾಗ ರಸ್ತೆಯಂಚಿನ ಹಾಡಿಗಳು ಕಂಡವು. ರಾಜರ ಮನೆಗೆ ಹೊಸ ನೆಂಟರು ಬಂದರು. ಕಾಡೇ ಮನೆಯಾಗಿದ್ದವರು ಹೊರಗೆ ಬಂದರು.

ಊರಿಗೆ ಬಂದು ತಮ್ಮ ನಕ್ಷೆ ಬಿಡಿಸಿದ. ತೊಟ್ಟಿಯ ಸುತ್ತ ನಾಲ್ಕು ಕೋಣೆ, ಜಗಲಿಯಲ್ಲಿ ಊಟ. ಹಿತ್ತಿಲ ಕೋಣೆಯ ಮೇಲೆ 'ಬಾತ್‌ರೂಮ್' ಎಂದು ಬರೆದಿದ್ದ. ಆ ಕೋಣೆಯಲ್ಲಿ ಇರುವವಳು ನಮ್ಮಜ್ಜಿಯ ಕಾಲಕ್ಕೆ ಕೆಲಸಕ್ಕೆ ಬಂದ ಮುದುಕಿ. ನನ್ನನ್ನೂ ಅವನನ್ನೂ ಎತ್ತಿ ಆಡಿಸಿದವಳು.

"ಇವಳು ಎಲ್ಲಿಗೆ ಹೋಗ್ಬೇಕೋ?" ಎಂದೆ.

"ಎಲ್ಲಾದ್ರೂ ನೋಡೋಣ ಅಕ್ಕ."

"ಹಾಡಿ ನೋಡಿ ಬಂದ್ಯಲ್ಲ, ಇನ್ನೂ ಏನ್ ನೋಡ್ತೀಯ?"

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಆ ಅಕ್ಷರ ಹೊಡೆದುಹಾಕಿದ.

ಈಗ ಮನೆಗೆ ಶನಿವಾರ ಭಾನುವಾರ ಬೆಂಗಳೂರಿನವರು ಬರುತ್ತಾರೆ. ನಾಲ್ಕಲ್ಲ, ಮೂರೇ ಕೋಣೆ. ಒಂದನ್ನು ಸ್ನಾನಕ್ಕೆ ಬಿಟ್ಟುಕೊಟ್ಟದ್ದಾಯಿತು. ಬಂದ ಹಣದಲ್ಲಿ ಸೂರಿನ ನಾಡಹೆಂಚು ಬದಲಾಯಿತು. ಹಲಸಿನ ಕಾಲಕ್ಕೆ ನಮ್ಮೂರ ತೋಟಗಾರಿಕಾ ಕೇಂದ್ರ ಬೆಳಕಿಗೆ ತಂದ ಕೆಂಪು ತೊಳೆಯ 'ಸಿದ್ದು' ಹಲಸನ್ನು ಅವರಿಗೆ ಕೊಡುತ್ತೇವೆ. ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ಮರದ್ದು ಅದು.

ಮುದುಕಿ ಹಿತ್ತಿಲ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ, "ಉಂಡ್ರೇನವ್ವ?" ಎಂದು ಕೇಳುತ್ತಾಳೆ. ಅವರು ದುಡ್ಡು ಕೊಟ್ಟು ಉಂಡವರೆಂದು ಅವಳಿಗೆ ನಾವಿನ್ನೂ ಹೇಳಿಲ್ಲ.